ಒಂದೇ ಜಗ್ಗಿಗೆ ಬಿಚ್ಚಿದ ಗಂಟು

ಹಗ್ಗದ ಕೆಲಸಕ್ಕೆ ಹೊಸದಾಗಿ ಸೇರಿದ ತಮ್ಮಂದಿರೇ, ತಂಗಿಯರೇ, ತರಬೇತಿಯಲ್ಲಿ ನಿಮಗೆ ಗಂಟುಗಳ ಚಿತ್ರವಿರುವ ಪುಸ್ತಿಕೆಯೊಂದನ್ನು ಕೊಟ್ಟಿರುತ್ತಾರೆ. ಅದರಲ್ಲಿ ಕೆಂಪು ಹಗ್ಗ, ನೀಲಿ ಹಗ್ಗ, ಬಾಣದ ಗುರುತು ಎಲ್ಲ ಇವೆ. ಬಹಳ ಒಳ್ಳೆಯ ಪುಸ್ತಿಕೆ. ಅದರಲ್ಲಿ ಇಲ್ಲದಿರುವುದು ಒಂದೇ: ನೀವು ಗಂಟು ಕಟ್ಟುವಾಗ ಸುತ್ತ ನಿಂತು ಸಲಹೆ ಕೊಡುವ ಇನ್ನೂರು ಮಂದಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ಬಾವಿಗೆ ಇಳಿಯುತ್ತ, ನೀರಿನ ಟಾಕಿ ಏರುತ್ತ ಮೂರು ದಶಕ ಕಳೆದವನು ನಾನು. ಬೆಂಕಿ ಆರಿಸುವ ಠಾಣೆಯ ಹಗ್ಗದ ತಂಡ ನನ್ನದು. ಠಾಣೆ ಯಾವ ಊರಿನದೆಂದು ಬರೆಯುವುದಿಲ್ಲ. ಬರೆದರೆ ಈ ಕತೆಯಲ್ಲಿ ಮುಂದೆ ಬರುವ ಸಾಹೇಬರ ಗುರುತು ಸಿಗುತ್ತದೆ. ಅವರು ಈಗ ಮರ್ಯಾದೆಯಿಂದ ಪಿಂಚಣಿ ತಿನ್ನುತ್ತಿದ್ದಾರೆ.

ಆದರೆ ಇದನ್ನು ಬರೆಯುತ್ತಿರುವುದು ಬರೀ ನಿಮ್ಮ ಉದ್ಧಾರಕ್ಕಲ್ಲ. ನನ್ನ ಜೊತೆಗಾರ ದಸ್ತಗೀರನ ಕಡತದಲ್ಲಿ ನಾನು ಒಮ್ಮೆ ಮೂರು ಸಣ್ಣ ವಾಕ್ಯ ಬರೆದೆ. “ಕೆಲಸದಲ್ಲಿ ನಿಷ್ಠೆ ಇದೆ. ಗಂಟು ಮರೆಯುವ ಸ್ವಭಾವ. ಹಗ್ಗದ ಮುಖ್ಯಸ್ಥನಾಗಲು ತಕ್ಕವನಲ್ಲ.” ಹಗ್ಗದ ಮುಖ್ಯಸ್ಥನೆಂದರೆ ಹಗ್ಗವನ್ನು ಯಾವುದಕ್ಕೆ ಕಟ್ಟಬೇಕೆಂದು ಆರಿಸುವವನು, ಕೊನೆಯ ಗಂಟು ಹಾಕುವವನು, “ಇಳಿ” ಎನ್ನುವವನು. ಠಾಣೆಗೆ ಇಂಥವರು ಇಬ್ಬರು, ಪಾಳಿಗೊಬ್ಬರು. ಮೂರು ಸಲ ಆ ಜಾಗ ಖಾಲಿಯಾಯಿತು, ಮೂರೂ ಸಲ ದಸ್ತಗೀರನ ಹೆಸರು ನನ್ನ ಬರಹಕ್ಕೆ ಬಡಿದು ನಿಂತಿತು. ಈ ವರ್ಷ ನಾಲ್ಕನೆಯ ಸಲ ಖಾಲಿಯಾದಾಗ ಅವನ ಸೇವೆಯಲ್ಲಿ ಉಳಿದದ್ದು ಒಂದೂವರೆ ವರ್ಷ. ಈಗ ತಪ್ಪಿದರೆ ಅಷ್ಟೇ. ಆ ಮೂರು ವಾಕ್ಯಗಳನ್ನು ತೆಗೆಸುವುದು ನನ್ನ ಪಾಲಿಗೆ ಬಂತು. ಯಾಕೆ ಬಂತೆಂದು ತಿಳಿಯಲು ಗಂಟಿನ ಶಾಸ್ತ್ರ ಸ್ವಲ್ಪ ಬೇಕು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಮ್ಮ ಕಡೆ ಹುಟ್ಟಿದವನ ಕೈಗೆ ಒಂದು ಗಂಟು ಯಾರೂ ಕಲಿಸದೆ ಬರುತ್ತದೆ. ಅದು ಸರಗುಣಿಕೆ, ಎತ್ತನ್ನು ಗೂಟಕ್ಕೆ ಕಟ್ಟುವ ಗಂಟು. ಎತ್ತು ತನ್ನ ಕಡೆಯಿಂದ ಜಗ್ಗಿದಷ್ಟೂ ಅದು ಬಿಗಿಯುತ್ತದೆ. ಮನುಷ್ಯ ಬಾಲ ಹಿಡಿದು ಒಮ್ಮೆ ಜಗ್ಗಿದರೆ ಪೂರ್ತಿ ಬಿಚ್ಚಿ ಕೈಗೆ ಬರುತ್ತದೆ. ಬಾಲವೆಂದರೆ ಎತ್ತಿನದಲ್ಲ, ಗಂಟು ಮುಗಿದ ಮೇಲೆ ಉಳಿಯುವ ಹಗ್ಗದ ತುದಿ. ಬಣವೆಗೆ ಕಿಡಿ ಬಿದ್ದರೆ, ಹಾಯುವ ಹೋರಿ ನುಗ್ಗಿದರೆ, ಎತ್ತನ್ನು ಕಣ್ಣು ಮಿಟುಕಿಸುವುದರೊಳಗೆ ಬಿಡಬೇಕಲ್ಲ, ಅದಕ್ಕಾಗಿ ಮಾಡಿದ ಜಾಣ ಗಂಟು. ಎತ್ತಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮನುಷ್ಯನಿಗೆ ಇದಕ್ಕಿಂತ ಕೆಟ್ಟದ್ದಿಲ್ಲ.

ನನ್ನ ತರಬೇತಿಯ ಮೊದಲ ವಾರ. ಎತ್ತರದ ಕಟ್ಟೆಯಿಂದ ಇಳಿಯಬೇಕು. “ನಿನ್ನ ಹಗ್ಗ ನೀನೇ ಕಟ್ಟಿಕೋ” ಎಂದರು. ನಾನು ಕಂಬಕ್ಕೆ ಕಟ್ಟಿ, ಎದೆ ಉಬ್ಬಿಸಿ ನಿಂತೆ. ಹವಾಲ್ದಾರ ಬಂದು ಗಂಟು ನೋಡಿದ.

“ಯಾವ ಊರೋ?”

“ಇಂಡಿ ಕಡ್ಯಾವ್ರಿ.”

“ಮನ್ಯಾಗ ಎತ್ತ ಎಷ್ಟ ಅದಾವ?”

“ನಾಕ ಅದಾವ್ರಿ.”

“ಈಗ ಐದ ಆದೂ ನೋಡು” ಎಂದು ಬಾಲ ಹಿಡಿದು ಜಗ್ಗಿದ. ನಾನು ಮರಳ ಗುಂಡಿಗೆ ಬಿದ್ದೆ. ಮೇಲಿನಿಂದ ಅವನು, “ಏಳಪಾ ಎತ್ತಪ್ಪಾ, ಗ್ವಾದಲಿಗಿ ನಡಿ” ಎಂದ. ಗ್ವಾದಲಿಯೆಂದರೆ ಎತ್ತಿಗೆ ಮೇವು ಹಾಕುವ ಜಾಗ. ತಂಡದಲ್ಲಿ ನನ್ನ ಹೆಸರು ಒಂದು ವರ್ಷ ಎತ್ತಪ್ಪ ಎಂದೇ ಆಗಿತ್ತು.

ಅಂದು ಕಲಿತದ್ದು ಎಂಟಿನ ಗಂಟು. ಕನ್ನಡ ಸಾಲೆಯಲ್ಲಿ ತಿದ್ದಿದ ಎಂಟಲ್ಲ, ಬಸ್ಸಿನ ಹಣೆಯ ಮೇಲಿನ ಇಂಗ್ಲಿಷ್ ಎಂಟು. ಮೊದಲು ಹಗ್ಗದಲ್ಲಿ ಆ ಅಂಕಿ ಬರೆಯಬೇಕು. ತುದಿಯನ್ನು ಗಿಡಕ್ಕೋ ಸೊಂಟದ ಪಟ್ಟಿಗೋ ಸುತ್ತಬೇಕು. ಆಮೇಲೆ ಹೋದ ದಾರಿಯಲ್ಲೇ ಅದನ್ನು ಒಂದು ಹೆಜ್ಜೆಯೂ ತಪ್ಪದೆ ತಿರುಗಿ ತರಬೇಕು. ಯಾವ ಕಡೆಯಿಂದ ಜಗ್ಗಿದರೂ ಅದು ಬಿಡುವುದಿಲ್ಲ. ಬಿಚ್ಚುವಾಗ ಗಂಟಿನ ಬೆನ್ನು ಮುರಿಯಬೇಕು, ತಿಕ್ಕಬೇಕು, ತುದಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನೂಕಬೇಕು. ಭಾರ ಬಿದ್ದು ಬಿಗಿದಿದ್ದರೆ ಹಲ್ಲು ಹಚ್ಚಬೇಕು. ನನ್ನ ಮುಂದಿನ ಎರಡು ಹಲ್ಲು ಸರ್ಕಾರಿ ಸೇವೆಯಲ್ಲೇ ಹೋಗಿವೆ. ಪಿಂಚಣಿ ಕಾಗದದಲ್ಲಿ ಅದಕ್ಕೆ ಕಲಮು ಇರಲಿಲ್ಲ.

ಹಗ್ಗವನ್ನು ಕಟ್ಟುವ ಗಿಡ, ಬಂಡೆ, ಟ್ರ್ಯಾಕ್ಟರಿಗೆ ಪುಸ್ತಿಕೆಯಲ್ಲಿ ಆಂಕರ್ ಎಂದಿದೆ. ಇಳಿಯುವವನ ಜೀವ ಹಿಡಿದು ಮೇಲೆ ನಿಂತವನ ಕೆಲಸಕ್ಕೆ ಬಿಲೇ ಎಂದಿದೆ. ನಾವು ಆಸರೆ, ಕಾವಲು ಎನ್ನುತ್ತಿದ್ದೆವು. ಹೆಸರು ಯಾವುದಾದರೂ ಇರಲಿ, ಆಸರೆ ಆರಿಸುವಾಗ ಊರಿನವರ ಮಾತು ಕೇಳಬೇಡಿ. “ಈ ಕಲ್ಲ ನಮ್ಮ ಮುತ್ಯಾನ ಕಾಲದಾಗಿಂದ ಅಳ್ಳಾಡಿಲ್ರಿ” ಎನ್ನುತ್ತಾರೆ. ಮುತ್ಯಾನ ಕಾಲದಿಂದ ಅದಕ್ಕೆ ಯಾರೂ ಜೋತುಬಿದ್ದಿಲ್ಲ ಎಂಬುದನ್ನು ಹೇಳುವುದಿಲ್ಲ.

ಸಿಂದಗಿ ಕಡೆ ಒಬ್ಬ ಗೃಹಸ್ಥ ಹೊಲದ ಬದುವಿನ ಜಗಳಕ್ಕೆ ನೀರಿನ ಟಾಕಿ ಏರಿ ಕೂತಿದ್ದ. ನಾನು ಏಣಿಯ ಅಂಚಿಗೆ ಹಗ್ಗ ಕಟ್ಟಿಕೊಳ್ಳುತ್ತ ಏರುತ್ತಿದ್ದೆ. ಅವನು ಸಾಯುವ ಮಾತು ನಿಲ್ಲಿಸಿ ನನ್ನ ಕೈಯನ್ನೇ ನೋಡತೊಡಗಿದ.

“ಏ ಸಾಹೇಬ್ರ, ಹಂಗ ಕಟ್ಟಬ್ಯಾಡ್ರಿ, ಜಾರತೈತಿ.”

“ಜಾರೂದಿಲ್ಲ, ನೀ ಸುಮ್ಮ ಕುಂದರು.”

“ನಾ ಇಪ್ಪತ್ತ ವರ್ಷ ಕಣಿಕಿ ಗಾಡಿ ಹೇರೇನಿ. ನನಗ ಹೇಳತೀರಿ? ಹಗ್ಗ ಇಲ್ಲಿ ಒಗೀರಿ.”

ಒಗೆದೆ. ಅವನು ಟಾಕಿಯ ಕಂಬಿಗೆ ತನ್ನ ಶಾಸ್ತ್ರದ ಪ್ರಕಾರ ಕಟ್ಟಿದ. ಸರಗುಣಿಕೆ! ನಾನು ಹೋಗಿ ಅದನ್ನು ಬಿಚ್ಚಿ ಎಂಟು ಹಾಕಿದೆ. ಅವನು ಅದನ್ನು ಬಿಚ್ಚಲು ನೋಡಿದ. ಈ ವಾದದಲ್ಲಿ ಒಂದು ತಾಸು ಕಳೆಯಿತು. ಕೊನೆಗೆ ಯಾರ ಗಂಟು ಗಟ್ಟಿ ಎಂದು ಕೆಳಗಿನ ಮಂದಿಯ ಮುಂದೆ ತೀರ್ಮಾನವಾಗಬೇಕೆಂದು ಇಬ್ಬರೂ ಇಳಿದು ಬಂದೆವು. ಬದುವಿನ ಜಗಳ ಅವನಿಗೆ ನೆನಪಾದದ್ದು ಚಹಾ ಕುಡಿದ ಮೇಲೆ.

ಇನ್ನು ದಸರೆಯ ಖಂಡೇಪೂಜೆ. ಕೊಡಲಿ, ಹಾರೆ, ಏಣಿಗೆ ಮಾಡಿದಂತೆ ಹಗ್ಗಕ್ಕೂ ಪೂಜೆ ಆಗಬೇಕೆಂದು ಠಾಣೆಯ ಹಿರಿಯರ ನಿಯಮ. ನೈಲಾನ್ ಹಗ್ಗ ಬಂದ ವರ್ಷವೂ ಅದಕ್ಕೆ ಎಣ್ಣೆ ಸವರಿದರು, ಅರಿಷಿಣ ಮೆತ್ತಿದರು, ಮೇಲೆ ಲಿಂಬೆಹಣ್ಣು ಹಿಂಡಿದರು, ಕಾಯಿ ಒಡೆದು ನೀರು ಚಿಮುಕಿಸಿದರು. ಹಗ್ಗದ ಜೊತೆ ಬಂದ ಕಾಗದದಲ್ಲಿ ಎಣ್ಣೆ, ಹುಳಿ, ಬೂದಿ, ಧೂಳು ಇವುಗಳಿಂದ ಹಗ್ಗವನ್ನು ದೂರವಿಡಿ ಎಂದು ಬರೆದಿತ್ತು. ಆ ಕಾಗದವನ್ನೂ ಪೂಜೆಗೆ ಇಟ್ಟಿದ್ದರಿಂದ ಯಾರೂ ಓದಿರಲಿಲ್ಲ. ಮರುದಿನ ಹಗ್ಗವನ್ನು ತೊಳೆದು ನೆರಳಲ್ಲಿ ಹರವಿದವನು ದಸ್ತಗೀರ. ಯಾರಿಗೂ ಬೈಯಲಿಲ್ಲ. “ದೇವರಿಗಿ ನೀರ ಎರಿತೇವಲ್ರಿ, ಹಗ್ಗಕ್ಕೂ ಎರದೆ” ಎಂದ. ಮುಂದಿನ ವರ್ಷ ಪೂಜೆಗೆಂದೇ ಒಂದು ಹಳೆಯ ತುಂಡು ಹಗ್ಗ ತೆಗೆದಿಟ್ಟ. ಪದ್ಧತಿ ಉಳಿಯಿತು, ಹಗ್ಗವೂ ಉಳಿಯಿತು. ಅವನ ಕೆಲಸದ ರೀತಿಯೇ ಹಾಗೆ. ನನಗೆ ಅದು ಆಗ ಗಮನಕ್ಕೆ ಬರಲಿಲ್ಲ, ನಾನು ಮುಖ್ಯಸ್ಥನಾಗಿದ್ದೆ.

ಈಗ ಪಿಂಚಣಿಯ ಸಾಹೇಬರು. ದಕ್ಷಿಣದ ಕಡೆಯವರು, ಶಿಸ್ತಿನ ಮನುಷ್ಯ. ಅವರ ಮೇಜಿನ ಮೇಲೆ ಪೆನ್ನುಗಳೂ ಕವಾಯತು ಮಾಡುತ್ತಿದ್ದವು. ದೊಡ್ಡವರು ತಪಾಸಣೆಗೆ ಬರುವ ಹಿಂದಿನ ದಿನ ಹಗ್ಗಗಳನ್ನು ನೋಡಲು ಬಂದರು. ಕವಾಯತಿನ ಕಟ್ಟೆಗೆ ಎಲ್ಲ ಗಂಟು ಹಾಕಿ ಸಿದ್ಧ ಮಾಡಿದ್ದೆವು.

“ಇದೇನ್ರೀ, ತುದಿಗಳೆಲ್ಲ ಹೀಗೆ ನೇತಾಡ್ತಿವೆ?”

“ಬಾಲ್ರಿ ಸರ್. ಒಂದ ಗೇಣ ಇರಬೇಕ್ರಿ.”

“ಒಂದೊಂದು ಒಂದೊಂದು ಉದ್ದ ಇದೆ. ನೋಡೋಕೆ ಚೆನ್ನಾಗಿಲ್ಲ. ಎಲ್ಲ ಒಂದೇ ಸಮ ಕತ್ತರಿಸಿ.”

“ಸರ್, ಬಾಲ ಗಿಡ್ಡ ಆದ್ರ ಗಂಟ ಒಳಗ ಜಾರಿ...”

“ಬಿರಾದಾರ್, ನಾನು ಚರ್ಚೆಗೆ ಕರೆದಿಲ್ಲ.”

ಕತ್ತರಿಸಿದೆವು. ಎಲ್ಲ ಬಾಲ ಎರಡೆರಡು ಬೆರಳು. ನೋಡಲು ಹೊಸದಾಗಿ ಕ್ಷೌರ ಮಾಡಿಸಿದಂತಿತ್ತು. ಮರುದಿನ ದೊಡ್ಡವರ ಮುಂದೆ ಮರಳು ತುಂಬಿದ ಗೊಂಬೆಯನ್ನು ಕಟ್ಟೆಯಿಂದ ಇಳಿಸಿದೆವು. ಅರ್ಧ ದಾರಿಗೆ ಬಂದಾಗ ಗಂಟು ತನ್ನ ಬಾಲವನ್ನು ತಾನೇ ನುಂಗಿತು. ಗೊಂಬೆ ದೊಡ್ಡವರ ಕುರ್ಚಿಯಿಂದ ಮೂರು ಮಾರು ದೂರಕ್ಕೆ ಬಂದು ನಮಸ್ಕಾರದ ಭಂಗಿಯಲ್ಲಿ ಮಲಗಿತು. ಸಾಹೇಬರ ವರದಿಯಲ್ಲಿ “ಗೊಂಬೆಯು ಹಳೆಯದಾಗಿದ್ದು, ಬದಲಿಸಬೇಕಾಗಿದೆ” ಎಂದಿತ್ತು. ಹೊಸ ಗೊಂಬೆ ಬಂತು. ತಮ್ಮಂದಿರೇ, ತಂಗಿಯರೇ, ಬಾಲ ಒಂದು ಗೇಣು ಇರಲಿ. ಯಾರು ಹೇಳಿದರೂ ಇರಲಿ.

ಆಮೇಲೆ “ನೋಡಿ ಹೇಳು” ಎಂಬ ಹೊಸ ಪದ್ಧತಿ ಬಂತು. ಇಳಿಯುವ ಮೊದಲು ಜೊತೆಗಾರ ನಿಮ್ಮ ಗಂಟನ್ನು ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ, ಬಾಯಿಂದ “ಸರಿ ಐತಿ” ಎನ್ನಬೇಕು. ಅವನು ಹೇಳುವವರೆಗೆ ಕಾಲು ಎತ್ತಬಾರದು. ಇದಕ್ಕಿಂತ ಒಳ್ಳೆಯ ಪದ್ಧತಿಯನ್ನು ನಾನು ಸೇವೆಯಲ್ಲಿ ಕಂಡಿಲ್ಲ. ಅದನ್ನು ತಂಡಕ್ಕೆ ಕಲಿಸಿದವನು ನಾನೇ. ತಪ್ಪಿಸಿದವರಿಗೆ ಮೈದಾನ ಸುತ್ತಿಸಿದವನೂ ನಾನೇ.

ಆದರೆ ನಮ್ಮ ನಾಡಿನ ಮರ್ಯಾದೆ ಗೊತ್ತಲ್ಲ. ಹಿರಿಯರು ಊಟ ಬಡಿಸಿದರೆ ಉಪ್ಪು ಕಡಿಮೆ ಎನ್ನಬಾರದು, ಹಿರಿಯರು ಗಂಟು ಹಾಕಿದರೆ ಮುಟ್ಟಿ ನೋಡಬಾರದು. ನಾನು ಕಟ್ಟಿ ನಿಂತಾಗ ಹುಡುಗರು ದೂರದಿಂದಲೇ, “ನಿಮ್ಮ ಗಂಟ ನಾವ್ ನೋಡೂದೇನೈತ್ರಿ ಸಾಹೇಬ್ರ” ಎಂದು ಕೈಮುಗಿಯುವಂತೆ ಮಾಡಿ ಹಿಂದೆ ಸರಿಯುತ್ತಿದ್ದರು. ನಾನು ಬೈದು, “ಏ, ನೋಡಬೇಕೋ!” ಎನ್ನಬೇಕಿತ್ತು. ಅನ್ನಲಿಲ್ಲ. ಆ ಮಾತು ಕಿವಿಗೆ ಬೆಲ್ಲದಷ್ಟು ಸಿಹಿಯಾಗಿತ್ತು. ಹೀಗೆ ಇಡೀ ತಂಡದಲ್ಲಿ ಯಾರೂ ನೋಡದ ಗಂಟು ಒಂದೇ ಉಳಿಯಿತು, ಮುಖ್ಯಸ್ಥನದು.

ಇಷ್ಟು ತಿಳಿದ ಮೇಲೆ ನೀವು ಲಚ್ಯಾಣದ ದಾರಿಯ ಆ ಬಾವಿಗೆ ಬರಬಹುದು.

ಹಾಳುಬಾವಿ, ತಳದಲ್ಲಿ ಮೊಣಕಾಲುದ್ದ ಕೆಸರು. ಅದರೊಳಗೆ ಬಿದ್ದಿದ್ದದ್ದು ಟಗರು. ಸಾಮಾನ್ಯ ಟಗರಲ್ಲ, ಕಾಳಗದ ಟಗರು, ಕೊರಳಲ್ಲಿ ಗೆಜ್ಜೆ, ಕೋಡಿಗೆ ಬಣ್ಣ. ಮಾಲಕ ಬಾವಿಯ ದಂಡೆಯ ಮೇಲೆ ಕೂತು ಎದೆ ಬಡಿದುಕೊಳ್ಳುತ್ತಿದ್ದ. ಊರಿಗೆ ಊರೇ ಸೇರಿತ್ತು. ಒಳಗಿನಿಂದ ಟಗರು ಆಗಾಗ ಗೋಡೆಗೆ ಹಾಯ್ದು ತಾನು ಇನ್ನೂ ಸೋತಿಲ್ಲವೆಂದು ತಿಳಿಸುತ್ತಿತ್ತು.

ದಂಡೆಯಿಂದ ಹತ್ತು ಹೆಜ್ಜೆಗೆ ಒಳ್ಳೆಯ ಬೇವಿನ ಗಿಡ. ಅದರ ಬೊಡ್ಡೆಗೆ ಆಸರೆಯ ಹಗ್ಗ, ಅದಕ್ಕೊಂದು ಕೊಂಡಿ, ಕೊಂಡಿಯಿಂದ ಕಾವಲಿನ ಹಗ್ಗ, ಅದರ ತುದಿಯಲ್ಲಿ ನಾನು. ಎರಡನೆಯ ಹಗ್ಗ ಕಟ್ಟುವ ಪದ್ಧತಿ ಆಗ ಇನ್ನೂ ಬಂದಿರಲಿಲ್ಲ. ಎಲ್ಲ ಆ ಗಿಡದ ಗಂಟಿನ ಮೇಲೆ. ಕಾವಲಿಗೆ ನಿಂತವನು ದಸ್ತಗೀರ. ನಾನು ಬೊಡ್ಡೆಗೆ ಕಟ್ಟುವಾಗ ಮಾಲಕ ಬೆನ್ನ ಹಿಂದೆ ನಿಂತು ಟಗರಿನ ಚರಿತ್ರೆ ಹೇಳುತ್ತಿದ್ದ.

“ತಾಳಿಕೋಟ್ಯಾಗ ಗೆದ್ದೈತ್ರಿ, ದೇವರ ಹಿಪ್ಪರಗ್ಯಾಗ ಗೆದ್ದೈತ್ರಿ. ಮುದ್ದೇಬಿಹಾಳದಾಗ ಎದುರಿನ ಟಗರ ಇದರ ಮಾರಿ ನೋಡೇ ಓಡಿ ಹೋತ್ರಿ.”

“ಹೌದು? ಏನ ತಿನಸ್ತಿ ಅದಕ್ಕ?”

“ಹುರಳಿ, ತತ್ತಿ, ಹಾಲು. ನನಗಿಂತ ಛಲೋ ತಿಂತೈತ್ರಿ.”

ಹೀಗೆ ಮಾತಾಡುತ್ತ ಗಂಟು ಮುಗಿಸಿದೆ. ದಂಡೆಗೆ ಹೋಗಿ ಬೆನ್ನು ತಿರುಗಿಸಿ ನಿಂತು, “ಇಳೀತೇನಿ” ಎಂದೆ. ದಸ್ತಗೀರ ಗಿಡದ ಕಡೆ ನೋಡಿದ, ಮಂದಿಯ ಕಡೆ ನೋಡಿದ, ನನ್ನ ಕಡೆ ನೋಡಿದ.

“ಸಾಹೇಬ್ರ.”

“ಏನೋ?”

“ಎಂಟಿನ ಗಂಟ ಹ್ಯಾಂಗ ಹಾಕೂದಂತ ಮರತೇನ್ರಿ. ಒಮ್ಮಿ ಬಿಚ್ಚಿ ಕಟ್ಟಿ ತೋರಸ್ತೀರೇನ್ರಿ?”

ಇನ್ನೂರು ಮಂದಿ ಗೊಳ್ಳೆಂದು ನಕ್ಕರು. ನನಗೆ ತಲೆ ಕೆಟ್ಟಿತು. ಹದಿನೆಂಟು ವರ್ಷ ಸೇವೆ ಮಾಡಿದವನು, ಬಾವಿಯ ದಂಡೆಯ ಮೇಲೆ, ಇಷ್ಟು ಜನರ ಎದುರು!

“ಇಷ್ಟ ವರ್ಷ ಏನ ಮಾಡಿದ್ಯೋ? ಹಗ್ಗದ ಮ್ಯಾಲ ಅರವಿ ಒಣ ಹಾಕಿದ್ಯಾ?”

“ತಪ್ಪಾತ್ರಿ. ಒಮ್ಮಿ ತೋರಸ್ರಿ.”

ನಾನು ಗಿಡಕ್ಕೆ ಮರಳಿದೆ. ಗಂಟಿನ ಕಡೆ ನೋಡಲಿಲ್ಲ, ಮಂದಿಯ ಕಡೆ ನೋಡುತ್ತಿದ್ದೆ. ಬಾಲ ಹಿಡಿದು ಜಗ್ಗಿದೆ. ಒಂದೇ ಜಗ್ಗಿಗೆ ಹಗ್ಗ ಪೂರ್ತಿ ಬಿಚ್ಚಿ ಕೈಗೆ ಬಂತು. ಮಂದಿ “ಹೋ!” ಎಂದರು. “ನೋಡಿದ್ರೇನಪಾ ಸಾಹೇಬ್ರ ಕೈ!” ಎಂದ ಒಬ್ಬ. ಆಮೇಲೆ ನಿಧಾನವಾಗಿ, ಬಾಯಿಂದ ಹೇಳುತ್ತ, ಅಂಕಿ ಬರೆದು, ಬೊಡ್ಡೆ ಸುತ್ತಿಸಿ, ಹೋದ ದಾರಿಯಲ್ಲೇ ತಿರುಗಿ ತಂದು, ಒಂದು ಗೇಣು ಬಾಲ ಬಿಟ್ಟು ಎಂಟಿನ ಗಂಟು ಹಾಕಿದೆ. ದಸ್ತಗೀರ ಬಗ್ಗಿ ಮುಟ್ಟಿ ನೋಡಿ, “ಈಗ ಸರಿ ಐತ್ರಿ” ಎಂದ.

ಆ “ಈಗ” ಎಂಬ ಮಾತಿಗೂ ನನಗೆ ಸಿಟ್ಟು ಬಂತು.

ಇಳಿದೆ. ಕೆಳಗೆ ಟಗರು ನನ್ನನ್ನು ಹೊಸ ಎದುರಾಳಿ ಎಂದು ತಿಳಿದು ಮೂರು ಸಲ ಹಾಯಿತು. ಮೂರನೆಯದಕ್ಕೆ ನಾನು ಸೋಲೊಪ್ಪಿಕೊಂಡ ಮೇಲೆ ಪಟ್ಟಿ ಕಟ್ಟಿಸಿಕೊಂಡಿತು. ಇಬ್ಬರನ್ನೂ ಮೇಲೆ ಎಳೆದರು. ನನ್ನ ತಲೆ ದಂಡೆಯ ಮೇಲೆ ಬಂದು, ಕಾಲ ಕೆಳಗೆ ಇನ್ನೂ ಪೂರ್ತಿ ಆಳವಿರುವಾಗಲೇ ಕಂಡ ನೋಟ ಹೇಳುತ್ತೇನೆ. ಮಾಲಕ ಸಂತೋಷ ತಾಳಲಾರದೆ ಬೇವಿನ ಗಿಡದ ಹತ್ತಿರ ಕುಣಿಯುತ್ತ, ಕೈಗೆ ಸಿಕ್ಕ ಹಗ್ಗದ ಬಾಲ ಹಿಡಿದು, “ಜಗ್ಗ್ರಿ, ಜಗ್ಗ್ರಿ!” ಎಂದು ತಾನೂ ಜಗ್ಗುತ್ತಿದ್ದ. ಒಂದು ಕೈಯಲ್ಲಿ ಕಾವಲಿನ ಹಗ್ಗ ಹಿಡಿದಿದ್ದ ದಸ್ತಗೀರ ಇನ್ನೊಂದು ಕೈಯಿಂದ ಅವನ ಅಂಗಿಯ ಕಾಲರು ಹಿಡಿದು ಆಚೆ ನೂಕಿದ. ನನಗೆ ಅದು ಆಗ ಬಹಳ ನಗೆಯ ವಿಷಯವಾಗಿ ಕಂಡಿತು.

ಆ ವಾರವೇ ದಸ್ತಗೀರನ ಕಡತದಲ್ಲಿ ಮೂರು ವಾಕ್ಯ ಬರೆದೆ.

ಆಮೇಲೆ ಹನ್ನೊಂದು ವರ್ಷ ಈ ಕತೆಯನ್ನು ಹೇಳಿದೆ. ಹೊಸ ತಂಡ ಬಂದಾಗಲೆಲ್ಲ ಹೇಳಿದೆ. ಎಂಟಿನ ಗಂಟು ಮರೆತವನ ಕತೆ, ಒಂದೇ ಜಗ್ಗಿಗೆ ಬಿಚ್ಚಿದ ಸಾಹೇಬರ ಕತೆ. ನನ್ನ ಬೀಳ್ಕೊಡುಗೆಯ ದಿನವೂ ಹೇಳಿದೆ. ದಸ್ತಗೀರ ಎರಡನೆಯ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಕ್ಕ.

ನಿವೃತ್ತಿಯ ಮೇಲೆ ನನ್ನ ಹೆಂಡತಿ ಕಾಶೀಬಾಯಿ ಒಂದು ಎಮ್ಮೆ ತಂದಳು. ಅದನ್ನು ಕಟ್ಟುವ ಜವಾಬ್ದಾರಿ ಸಹಜವಾಗಿಯೇ ಹಗ್ಗದ ಪಂಡಿತನ ಮೇಲೆ ಬಿತ್ತು. ಗೂಟಕ್ಕೆ ಎಂಟಿನ ಗಂಟು ಹಾಕಿದೆ, ಒಂದು ಗೇಣು ಬಾಲ ಬಿಟ್ಟು. ಒಂದು ಮುಂಜಾನೆ ನಾನು ಇಂಡಿ ಪೇಟೆಗೆ ಹೋದಾಗ ಹಾಯುವ ಗೂಳಿಯೊಂದು ಹಿತ್ತಲಿಗೆ ನುಗ್ಗಿತು. ಕಾಶೀಬಾಯಿ ಎಮ್ಮೆ ಬಿಡಲು ಓಡಿದಳು. ಎಮ್ಮೆ ಜಗ್ಗಿ ಜಗ್ಗಿ ಗಂಟು ಕಲ್ಲಾಗಿತ್ತು. ಕೊನೆಗೆ ಕುಡಗೋಲಿನಿಂದ ಹಗ್ಗ ಕೊಯ್ದು ಎಮ್ಮೆಯನ್ನು ಉಳಿಸಿದ್ದಳು. ನಾನು ಬಂದಾಗ ಗೂಟದಲ್ಲಿ ಗಂಟು ಹಾಗೇ ಇತ್ತು, ಅವಳು ಅದರ ಪಕ್ಕದಲ್ಲಿ ನಿಂತಿದ್ದಳು.

“ಏನಿದು? ನಮ್ಮ ಎಮ್ಮಿ ಬಾವ್ಯಾಗ ಇಳ್ಯಾಕ ಹೊಂಟೈತೇನು?”

“ಅದು ಎಂಟಿನ ಗಂಟ. ಜಗತ್ತಿನಾಗ ಅದಕ್ಕಿಂತ ಗಟ್ಟಿ ಗಂಟಿಲ್ಲ.”

“ಗಟ್ಟಿ ಕಟ್ಟಿ ಏನ ಮಾಡೂದು? ಹೊತ್ತಿಗಿ ಬಿಚ್ಚಬೇಕಲ್ಲ.”

“ಬಿಚ್ಚಾಕ ಕೈ ಬೇಕು. ಲಚ್ಯಾಣದ ಕಡಿ ಬಾವಿ ಮ್ಯಾಲ ಇನ್ನೂರ ಮಂದಿ ಮುಂದ ಒಂದ ಜಗ್ಗಿಗೆ ಬಿಚ್ಚೇನಿ ನಾನು.”

ಅವಳು ಗೂಟದ ಕಡೆ ಬೆರಳು ತೋರಿಸಿದಳು. “ಹಂಗಾರ ಬಿಚ್ರಿ. ಒಂದ ಜಗ್ಗಿಗೆ.”

ಬಾಲ ಹಿಡಿದು ಜಗ್ಗಿದೆ. ಕದಲಲಿಲ್ಲ. ಇದು ಭಾರ ಬಿದ್ದ ಗಂಟು ಎಂದು ಹೇಳಿ, ಇನ್ನೊಂದು ಹಗ್ಗ ತಂದು, ಹೊಸದಾಗಿ ಎಂಟು ಹಾಕಿದೆ. ಸಡಿಲವಾಗಿಯೇ ಹಾಕಿದೆ. ಬಾಲ ಹಿಡಿದು ಜಗ್ಗಿದೆ. ಗಂಟು ಇನ್ನಷ್ಟು ಬಿಗಿಯಿತು. ಮತ್ತೊಮ್ಮೆ ಜಗ್ಗಿದೆ. ಕಾಶೀಬಾಯಿ ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡು, ಬಿಡಿಸಿ, ಗೂಟಕ್ಕೆ ಸರಗುಣಿಕೆ ಹಾಕಿದಳು. ಬಾಲ ಹಿಡಿದು ಒಮ್ಮೆ ಜಗ್ಗಿದಳು. ಹಗ್ಗ ಪೂರ್ತಿ ಬಿಚ್ಚಿ ಅವಳ ಕೈಗೆ ಬಂತು.

“ಅವತ್ತ ನೀವ ಬಿಚ್ಚಿದ್ದು ಇದು” ಎಂದು ಅವಳು ಒಳಗೆ ಹೋದಳು.

ನಾನು ಗೂಟದ ಪಕ್ಕದಲ್ಲಿ ಕೂತೆ. ಟಗರು ಏನು ತಿನ್ನುತ್ತದೆಂದು ನಾನು ಕೇಳುತ್ತಿದ್ದಾಗ, ಎತ್ತು ಕಟ್ಟಿದ ಈ ಕೈ ಬೇವಿನ ಗಿಡಕ್ಕೆ ಎತ್ತಿನ ಗಂಟು ಹಾಕಿತ್ತು. ಹವಾಲ್ದಾರ ಮರಳ ಗುಂಡಿಗೆ ಕೆಡವಿ ಕಲಿಸಿದ್ದ ಪಾಠವನ್ನು ಕೈ ಕಲಿತಿರಲಿಲ್ಲ, ಬಾಯಿ ಮಾತ್ರ ಕಲಿತಿತ್ತು. ಆಮೇಲೆ ಆ ಮಾಲಕ ಕಣ್ಣ ಮುಂದೆ ಬಂದ, ಗಿಡದ ಹತ್ತಿರ ಕುಣಿಯುತ್ತ, ಬಾಲ ಹಿಡಿದು, “ಜಗ್ಗ್ರಿ, ಜಗ್ಗ್ರಿ” ಎನ್ನುತ್ತ. ನನಗೆ ಈ ಸಲ ನಗೆ ಬರಲಿಲ್ಲ. ಎಮ್ಮೆ ನನ್ನನ್ನು ನೋಡುತ್ತ ಮೆಲುಕು ಹಾಕುತ್ತಿತ್ತು.

ಮರುದಿನ ತಾಳಿಕೋಟೆಯ ಬಸ್ಸು ಹತ್ತಿದೆ. ದಸ್ತಗೀರ ರಜೆಯ ಮೇಲೆ ಅಲ್ಲಿಯ ತನ್ನ ಮನೆಯಲ್ಲೇ ಇದ್ದ. ಚಹಾ ತಂದು ಎದುರಿಗೆ ಕೂತ.

“ದಸ್ತಗೀರ, ಲಚ್ಯಾಣದ ದಾರಿ ಬಾವಿ ನೆನಪೈತೇನು?”

“ಟಗರ ನೆನಪೈತ್ರಿ. ನಿಮಗ ಹಾಯ್ದಿತ್ತಲ್ರಿ.”

“ಗಂಟ?”

“ಮರತೇನ್ರಿ ಸಾಹೇಬ್ರ” ಎಂದು ಚಹಾದ ಬಟ್ಟಲೊಳಗೆ ನೋಡಿದ.

“ನೋಡು, ನನಗ ಗೊತ್ತಾಗೇತಿ. ಅವತ್ತ ಯಾಕ ನೆಟ್ಟಗ ಹೇಳಲಿಲ್ಲ?”

“ಇನ್ನೂರ ಮಂದಿ ಇದ್ರಲ್ರಿ.”

“ಆಮ್ಯಾಲ?”

“ಆಮ್ಯಾಲ ನೀವ ಆ ಕತಿ ಭಾಳ ಚಂದ ಹೇಳತಿದ್ರಿ.”

“ನಿನ್ನ ಕಡತದಾಗ ನಾ ಬರದದ್ದು ಗೊತ್ತಿತ್ತೇನು?”

“ಗೊತ್ತಿತ್ರಿ.” ಬಟ್ಟಲು ಕೆಳಗಿಟ್ಟು, “ಮೂರನೇ ಸಲ ಒಂದೀಟ ಬ್ಯಾಸರಾತ್ರಿ” ಎಂದ.

ಅವನು ಒಟ್ಟು ಹೇಳಿದ ದೂರು ಅಷ್ಟೇ. ಬಸ್ಸಿನಲ್ಲಿ ತಿರುಗಿ ಬರುವಾಗ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅವನು ನನ್ನ ಗಂಟನ್ನು ನೋಡಿದ್ದ. ಆದರೆ ನೋಡಿದ್ದನ್ನು ಹೇಳಲು ಅವನು ತನ್ನ ಒಳ್ಳೆಯ ಹೆಸರನ್ನೇ ಕೊಡಬೇಕಾಯಿತು. ಆ ಪರಿಸ್ಥಿತಿಯನ್ನು ಕಟ್ಟಿದವನೂ ನಾನೇ, ಬಹಳ ಗಟ್ಟಿಯಾಗಿ.

ಠಾಣೆಗೆ ಈಗ ಒಬ್ಬರು ಮೇಡಂ ಮುಖ್ಯಾಧಿಕಾರಿ. ಅವರಿಗೆ ಪತ್ರ ಬರೆದೆ. ಮೂವತ್ತು ವರ್ಷದಲ್ಲಿ ಬರೆದ ವರದಿಗಳಲ್ಲಿ “ನನ್ನ ತಪ್ಪು” ಎಂಬ ಎರಡು ಶಬ್ದ ಮೊದಲ ಬಾರಿಗೆ ಬರೆದದ್ದರಿಂದ ಅಕ್ಷರ ಸ್ವಲ್ಪ ಸೊಟ್ಟಾಗಿತ್ತು. ನಾಲ್ಕು ದಿನದ ಮೇಲೆ ಫೋನು ಬಂತು.

“ಬಿರಾದಾರ ಅವರೇ, ಪತ್ರ ಓದಿದೆ. ಹನ್ನೊಂದು ವರ್ಷದ ಹಿಂದಿನ ಸಂಗತಿ. ಕಡತದಲ್ಲಿ ತಿದ್ದುಪಡಿ ಮಾಡಬೇಕಂದ್ರೆ ಏನಾದ್ರೂ ಸಾಕ್ಷಿ ಬೇಕಾಗುತ್ತೆ. ಇದೆಯಾ?”

“ಐತ್ರಿ ಮೇಡಂ.”

“ಏನದು?”

“ಫೋನಿನ್ಯಾಗ ಮಾತಾಡಾಕತ್ತೈತ್ರಿ.”

“ಆಯ್ತು, ಇದನ್ನೇ ಒಂದು ಕಾಗದದಲ್ಲಿ ಬರೆದು ಸಹಿ ಮಾಡಿ ಕಳಿಸಿ” ಎಂದರು. ಸರ್ಕಾರಕ್ಕೆ ಬದುಕಿರುವುದನ್ನೂ ಬರವಣಿಗೆಯಲ್ಲಿ ಕೊಡಬೇಕು. ಕೊಟ್ಟೆ.

ದಸ್ತಗೀರ ಮುಖ್ಯಸ್ಥನಾದ ಮೇಲೆ ತೆಗೆದುಕೊಂಡ ಮೊದಲ ತರಗತಿಗೆ ನನ್ನನ್ನೂ ಕರೆದರು. ಹೊಸಬರು ಕಟ್ಟೆಯ ಸುತ್ತ ಕೂತಿದ್ದರು. ಹಿರಿಯರು ಒಂದು ಗಂಟು ಹಾಕಿ ತೋರಿಸಬೇಕೆಂದು ಮೇಡಂ ಹೇಳಿದರು. ನಾನು ಕಂಬಕ್ಕೆ ಎಂಟಿನ ಗಂಟು ಹಾಕಿದೆ. ಯಾರ ಜೊತೆಗೂ ಮಾತಾಡದೆ, ಗಂಟನ್ನೇ ನೋಡುತ್ತ ಹಾಕಿದೆ. ಮುಗಿಸಿ ಹಿಂದೆ ಸರಿದು, ದಸ್ತಗೀರನಿಗೆ “ನೋಡಿ ಹೇಳಪಾ” ಎಂದೆ.

ಹೊಸಬರು ನಕ್ಕರು. ಒಬ್ಬಳು, “ನಿಮ್ಮ ಗಂಟ ನೋಡೂದೇನೈತ್ರಿ ಸರ್” ಎಂದಳು.

ದಸ್ತಗೀರ ನಗಲಿಲ್ಲ. ಬಂದು ಬಗ್ಗಿದ. ಒಂದೊಂದೇ ಸುತ್ತನ್ನು ಬೆರಳಿಂದ ಮುಟ್ಟಿದ. ತುದಿಗೆ ಗೇಣು ಹಚ್ಚಿ ಅಳೆದ. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ:

“ಬಾಲ ಗಿಡ್ಡ ಆಗೇತ್ರಿ ಸಾಹೇಬ್ರ. ಬಿಚ್ಚಿ ಕಟ್ರಿ.”

ನಾನು ಬಗ್ಗಿ ಬಿಚ್ಚತೊಡಗಿದೆ. ಬೆನ್ನು ಮುರಿದು, ತಿಕ್ಕಿ, ತುದಿಯನ್ನು ಬಂದ ದಾರಿಯಲ್ಲೇ ಒಂದೊಂದೇ ಸುತ್ತು ಹಿಂದಕ್ಕೆ ನೂಕುತ್ತ. ಬಹಳ ಹೊತ್ತು ಹಿಡಿಯಿತು.